ರಾತ್ರಿ ಓದಲಾಗದ ರಸ್ತೆ ಫಲಕಗಳು: ಹೊಳಪು ಹೆಚ್ಚಿಸಿದರೆ ಸಾಕೇ?

ಪ್ರಶ್ನೆ: ನಾನು ಒಂದು ದೊಡ್ಡ ಕಾರ್ಖಾನೆಯ ಆವರಣದಲ್ಲಿ ಒಳರಸ್ತೆಗಳ ನಿರ್ವಹಣೆಯ ಹೊಣೆ ಹೊತ್ತಿದ್ದೇನೆ. ಸುಮಾರು 9 ಕಿಲೋಮೀಟರ್ ಉದ್ದದ ರಸ್ತೆಗಳಲ್ಲಿ 60ಕ್ಕೂ ಹೆಚ್ಚು ಫಲಕಗಳಿವೆ. ಎರಡು ವರ್ಷಗಳ ಹಿಂದೆ ಬಣ್ಣದಲ್ಲಿ ಬರೆಸಿದ್ದ ಹಳೆಯ ಫಲಕಗಳನ್ನೆಲ್ಲ ತೆಗೆಸಿ, ರೇಡಿಯಂ ಹಾಳೆ ಅಂಟಿಸಿದ ಹೊಸ ಫಲಕಗಳನ್ನು ಹಾಕಿಸಿದೆವು. ಹಗಲಿನಲ್ಲಿ ಅವು ಚೆನ್ನಾಗಿಯೇ ಕಾಣುತ್ತವೆ. ರಾತ್ರಿ ಪಾಳಿಯವರ ದೂರುಗಳು ಮಾತ್ರ ನಿಂತಿಲ್ಲ. ನೀಲಿ ಫಲಕದ ಬಿಳಿ ಅಕ್ಷರಗಳು ವಿಪರೀತ ಹೊಳೆದು ಒಂದರೊಳಗೊಂದು ಕಲಸಿಹೋದಂತೆ ಕಾಣುತ್ತವೆ ಎಂದು ಕಾರಿನವರು ಹೇಳಿದರೆ, ಅದೇ ಫಲಕ ಮಂಕಾಗಿದೆ ಎಂದು ಬಸ್ಸು ಮತ್ತು ಲಾರಿಯ ಚಾಲಕರು ಹೇಳುತ್ತಾರೆ. ಬೆಳಗಿನ ಜಾವ ಕೆಲವು ಫಲಕಗಳು ಪೂರ್ತಿ ಕಪ್ಪಾಗಿ, ಬಿಸಿಲು ಬಂದ ಮೇಲೆ ತಾವಾಗಿಯೇ ಸರಿಹೋಗುತ್ತವೆ. ರಸ್ತೆಗೆ ಅಡ್ಡಲಾಗಿ ಕಮಾನಿನ ಮೇಲೆ ಹಾಕಿರುವ ದಿಕ್ಕಿನ ಫಲಕ ಡಿಮ್ ಲೈಟಿನಲ್ಲಿ ಕಾಣುವುದೇ ಇಲ್ಲ. ಆದರೆ ಗುತ್ತಿಗೆದಾರರು ರಾತ್ರಿ ತೆಗೆದು ತೋರಿಸಿದ ಮೊಬೈಲ್ ಫೋಟೋಗಳಲ್ಲಿ ಎಲ್ಲ ಫಲಕಗಳೂ ಝಗಝಗ ಹೊಳೆಯುತ್ತಿವೆ. ಈಗ ಎಲ್ಲ ಫಲಕಗಳಿಗೂ ಅತಿ ಹೆಚ್ಚು ಹೊಳಪಿನ ಹಾಳೆ ಹಾಕಿಸಿ, ಮುಖ್ಯವಾದವುಗಳಿಗೆ ಫ್ಲಡ್‌ಲೈಟ್ ಕೊಡುವ ಪ್ರಸ್ತಾವ ನಮ್ಮ ಮುಂದಿದೆ. ಇದು ಸರಿಯಾದ ದಾರಿಯೇ? ನನಗೆ 57 ವರ್ಷ. ನನಗೂ ಅಕ್ಷರಗಳು ಕಲಸಿದಂತೆಯೇ ಕಾಣುತ್ತವೆ. ದೋಷ ಫಲಕದ್ದೋ, ನನ್ನ ಕಣ್ಣಿನದೋ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನವನ್ನು ಮೊದಲು ಸೆಳೆದದ್ದು, ಒಂದೇ ಫಲಕದ ಬಗ್ಗೆ ಎರಡು ಬಗೆಯ ಚಾಲಕರು ಒಂದಕ್ಕೊಂದು ವಿರುದ್ಧವಾದ ದೂರು ಹೇಳುತ್ತಿರುವುದು. ಇಂಥ ದೂರು ಬಂದಾಗ ಯಾರೋ ಒಬ್ಬರು ಉತ್ಪ್ರೇಕ್ಷೆ ಮಾಡುತ್ತಿದ್ದಾರೆ ಎಂದು ಬದಿಗೆ ಸರಿಸುವುದೇ ಹೆಚ್ಚು. ನೀವು ಹಾಗೆ ಮಾಡದೆ ಎರಡನ್ನೂ ಬರೆದು ಕಳುಹಿಸಿದ್ದೀರಿ. ಇಬ್ಬರೂ ತಮಗೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಹಗಲಿನಲ್ಲಿ ಫಲಕ ಎಲ್ಲರಿಗೂ ಒಂದೇ. ರಾತ್ರಿಯಲ್ಲಿ ಅದು ಪ್ರತಿಯೊಬ್ಬ ಚಾಲಕನಿಗೂ ಅವನ ಹೆಡ್‌ಲೈಟ್ ಎಲ್ಲಿದೆ, ಅವನ ಕಣ್ಣು ಎಲ್ಲಿದೆ ಎಂಬುದಕ್ಕೆ ತಕ್ಕಂತೆ ಬೇರೆಯಾಗಿಯೇ ಕಾಣುತ್ತದೆ. ನೀವು ಹೇಳಿದ ನಾಲ್ಕು ತೊಂದರೆಗಳಿಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ. ಎಲ್ಲಕ್ಕೂ ಹೊಳಪಿನ ಕೊರತೆಯೇ ಮೂಲವೆಂದು ನಂಬಿ ಒಂದೇ ಖರೀದಿ ಮಾಡಿದರೆ ಅವುಗಳಲ್ಲಿ ಒಂದು ಹೆಚ್ಚಾಗಬಹುದು, ಒಂದು ಇದ್ದಂತೆಯೇ ಉಳಿಯಬಹುದು.

ಮೊದಲು ‘ರೇಡಿಯಂ ಹಾಳೆ’ ಎಂಬ ಹೆಸರಿನ ವಿಚಾರ, ಏಕೆಂದರೆ ತಪ್ಪು ತಿಳಿವಳಿಕೆ ಅಲ್ಲಿಂದಲೇ ಶುರುವಾಗುತ್ತದೆ. ರೇಡಿಯಂ ಎಂಬ ವಿಕಿರಣಶೀಲ ಧಾತುವನ್ನು ಸೇರಿಸಿದ ಬಣ್ಣವನ್ನು ಒಂದು ಕಾಲದಲ್ಲಿ ಗಡಿಯಾರದ ಮುಳ್ಳುಗಳಿಗೆ ಬಳಿಯುತ್ತಿದ್ದರು. ಅದು ಕತ್ತಲೆಯಲ್ಲಿ ತಾನಾಗಿಯೇ ಹೊಳೆಯುತ್ತಿತ್ತು. ರಸ್ತೆ ಫಲಕದ ಹಾಳೆಯಲ್ಲಿ ರೇಡಿಯಂ ಇಲ್ಲ, ಸ್ವಂತ ಬೆಳಕೂ ಇಲ್ಲ. ಅದು ವಾಹನದ ಹೆಡ್‌ಲೈಟಿನಿಂದ ಬಂದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ರೆಟ್ರೋ ರಿಫ್ಲೆಕ್ಟಿವ್ ಹಾಳೆ. ಸುಣ್ಣ ಬಳಿದ ಗೋಡೆ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಕನ್ನಡಿ ಬೆಳಕನ್ನು ಎದುರು ಬದಿಗೆ ಓರೆಯಾಗಿ ಎಸೆಯುತ್ತದೆ. ಈ ಹಾಳೆ ಮಾತ್ರ, ಬೆಳಕು ಸ್ವಲ್ಪ ಓರೆಯಾಗಿ ಬಂದರೂ, ಅದನ್ನು ದೀಪದ ಕಡೆಗೇ ಮರಳಿಸುತ್ತದೆ. ಹಳೆಯ ಬಗೆಯ ಹಾಳೆಗಳಲ್ಲಿ ಈ ಕೆಲಸವನ್ನು ಸಾಸಿವೆಗಿಂತಲೂ ಬಹಳ ಚಿಕ್ಕದಾದ ಗಾಜಿನ ಮಣಿಗಳು ಮಾಡುತ್ತವೆ. ಹೊಸ ಬಗೆಯವುಗಳಲ್ಲಿ ಘನದ ಮೂಲೆಯ ಆಕಾರದ ಅತಿ ಸಣ್ಣ ಪ್ರಿಸಂಗಳಿರುತ್ತವೆ; ಬೆಳಕು ಮೂರು ಮುಖಗಳಿಗೆ ತಾಗಿ ಬಂದ ದಾರಿಯಲ್ಲೇ ಹೊರಬೀಳುತ್ತದೆ.

ಇದರ ಜೊತೆಗೆ ಇನ್ನೊಂದು ನಂಬಿಕೆಯನ್ನೂ ಬಿಡಿಸಿಕೊಳ್ಳೋಣ. ಕಣ್ಣಿಗೆ ರಾಚುವ ಫ್ಲೋರೊಸೆಂಟ್ ಹಳದಿ ಅಥವಾ ಕಿತ್ತಳೆ ಬಣ್ಣ ರಾತ್ರಿ ಹೆಚ್ಚು ಕಾಣುತ್ತದೆ ಎಂದು ಹಲವರು ತಿಳಿದಿದ್ದಾರೆ. ಆ ಬಣ್ಣ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳನ್ನು ಹೀರಿ ಕಾಣುವ ಬೆಳಕಾಗಿ ಮಾರ್ಪಡಿಸುವುದರಿಂದ ಹಗಲು, ಮುಂಜಾನೆ, ಮುಸ್ಸಂಜೆ ಮತ್ತು ಮೋಡದ ದಿನಗಳಲ್ಲಿ ಅದರ ಉಪಯೋಗ ನಿಜಕ್ಕೂ ದೊಡ್ಡದು. ಹೆಡ್‌ಲೈಟಿನ ಬೆಳಕಿನಲ್ಲಿ ಅತಿನೇರಳೆ ಕಿರಣಗಳು ತೀರಾ ಕಡಿಮೆ. ಹಾಗಾಗಿ ರೆಟ್ರೋ ರಿಫ್ಲೆಕ್ಟಿವ್ ಗುಣವಿಲ್ಲದ ಬರೀ ಫ್ಲೋರೊಸೆಂಟ್ ಬಣ್ಣ ರಾತ್ರಿಯಲ್ಲಿ ಉಳಿದ ಬಣ್ಣಗಳಂತೆಯೇ ಮಂಕಾಗುತ್ತದೆ.

ಈಗ ಕಾರು ಮತ್ತು ಬಸ್ಸಿನ ಜಗಳಕ್ಕೆ ಬರೋಣ. ಬೆಳಕು ಹೆಡ್‌ಲೈಟಿಗೆ ಮರಳುತ್ತದೆ ಎಂದೆನಷ್ಟೆ. ಆದರೆ ಚಾಲಕನ ಕಣ್ಣು ಹೆಡ್‌ಲೈಟಿನ ಜಾಗದಲ್ಲಿ ಇರುವುದಿಲ್ಲ, ಅದಕ್ಕಿಂತ ಮೇಲಿರುತ್ತದೆ. ಮರಳುವ ಬೆಳಕು ಒಂದು ಕಿರಿದಾದ ಶಂಕುವಿನ ಆಕಾರದಲ್ಲಿ ಸ್ವಲ್ಪ ಹರಡಿಕೊಂಡು ಬರುವುದರಿಂದ ಅದರ ಒಂದಂಶ ಕಣ್ಣಿಗೂ ಸಿಗುತ್ತದೆ. ದೀಪದಿಂದ ಫಲಕಕ್ಕೆ ಹೋಗುವ ಗೆರೆ ಮತ್ತು ಫಲಕದಿಂದ ಕಣ್ಣಿಗೆ ಬರುವ ಗೆರೆ, ಇವೆರಡರ ನಡುವಿನ ಕೋನವನ್ನು ವೀಕ್ಷಣಾ ಕೋನ ಎನ್ನುತ್ತೇವೆ. ಕಾರಿನಲ್ಲಿ ಕಣ್ಣು ಹೆಡ್‌ಲೈಟಿಗಿಂತ ಸುಮಾರು ಅರ್ಧ ಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ 100 ಮೀಟರ್ ದೂರದಲ್ಲಿ ಈ ಕೋನ ಸುಮಾರು 0.3 ಡಿಗ್ರಿ. ದೊಡ್ಡ ಬಸ್ಸಿನಲ್ಲಿ ಕಣ್ಣು ದೀಪಕ್ಕಿಂತ ಸುಮಾರು 1.4 ಮೀಟರ್ ಮೇಲಿದ್ದರೆ ಅದೇ ದೂರದಲ್ಲಿ ಕೋನ 0.8 ಡಿಗ್ರಿ ಆಗುತ್ತದೆ. ವಾಹನ 50 ಮೀಟರ್ ಹತ್ತಿರಕ್ಕೆ ಬಂದಾಗ ಕಾರಿಗೆ ಸುಮಾರು 0.6, ಬಸ್ಸಿಗೆ 1.6 ಡಿಗ್ರಿ. ಕೇಳಲು ಇವು ಅತ್ಯಲ್ಪ ಅಂಕಿಗಳು, ಆದರೆ ಹಾಳೆಯ ಲೋಕದಲ್ಲಿ ಅರ್ಧ ಡಿಗ್ರಿಗೂ ಒಂದೂವರೆ ಡಿಗ್ರಿಗೂ ಅಜಗಜಾಂತರವಿದೆ. ನಿಮ್ಮ ಬಸ್ಸಿನ ಚಾಲಕರು ಆ ಶಂಕುವಿನ ಅಂಚಿನಲ್ಲೋ, ಅದರಾಚೆಗೋ ಕುಳಿತಿದ್ದಾರೆ.

ಗುತ್ತಿಗೆದಾರರ ಫೋಟೋಗಳ ವಿಷಯವೂ ಇದರಿಂದಲೇ ತಿಳಿಯಾಗುತ್ತದೆ. ಮೊಬೈಲಿನಲ್ಲಿ ಫ್ಲ್ಯಾಶ್ ಮತ್ತು ಲೆನ್ಸ್‌ಗಳ ನಡುವೆ ಒಂದೆರಡು ಸೆಂಟಿಮೀಟರ್ ಅಂತರವಿದ್ದರೆ ಹೆಚ್ಚು. 10 ಮೀಟರ್ ದೂರದಿಂದ ತೆಗೆದ ಚಿತ್ರದಲ್ಲಿ ವೀಕ್ಷಣಾ ಕೋನ 0.1 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅಂದರೆ ಶಂಕುವಿನ ನಟ್ಟನಡುವೆ. ಯಾವ ಚಾಲಕನ ಕಣ್ಣೂ ಅಲ್ಲಿರಲು ಸಾಧ್ಯವಿಲ್ಲ. ಫೋಟೋ ಸುಳ್ಳಲ್ಲ, ಗುತ್ತಿಗೆದಾರರು ಮೋಸ ಮಾಡಿದ್ದಾರೆಂದೂ ನಾನು ಹೇಳುತ್ತಿಲ್ಲ, ಆದರೆ ಫಲಕವನ್ನು ಒಪ್ಪಿಕೊಳ್ಳಲು ಆ ಫೋಟೋ ಆಧಾರವಾಗಲಾರದು. ಟಾರ್ಚನ್ನು ಕಿವಿಯ ಪಕ್ಕದಲ್ಲಿ ಹಿಡಿದು ನೋಡುವ ಪರೀಕ್ಷೆಗೂ ಇದೇ ಮಿತಿ ಇದೆ: ಹಾಳೆ ಪೂರ್ತಿ ಸತ್ತಿದೆಯೇ, ಒಂದು ಭಾಗ ಕಿತ್ತುಹೋಗಿದೆಯೇ ಎಂದು ಗೊತ್ತಾಗುತ್ತದೆಯೇ ಹೊರತು, ರಸ್ತೆಯಿಂದ ಓದಲು ಬರುತ್ತದೆಯೇ ಎಂಬುದು ಗೊತ್ತಾಗುವುದಿಲ್ಲ.

ಹಾಳೆ ಕೊಳ್ಳುವಾಗ ವಿವರಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿರುವ ಅಂಕಿಯನ್ನು ನೋಡಿ ತೀರ್ಮಾನಿಸಬಾರದು ಎಂದು ನಾನು ಒತ್ತಿ ಹೇಳುವುದೂ ಇದೇ ಕಾರಣಕ್ಕೆ. ಹಲವು ಕಡೆ ಆಧಾರವಾಗಿ ಬಳಸುವ ಅಮೆರಿಕದ ಎಎಸ್‌ಟಿಎಂ ಡಿ4956 ಮಾನದಂಡದಲ್ಲಿ ಹಾಳೆಗಳನ್ನು ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗಕ್ಕೂ ಬೇರೆ ಬೇರೆ ಕೋನಗಳಲ್ಲಿ ಕನಿಷ್ಠ ಇರಬೇಕಾದ ಪ್ರತಿಫಲನವನ್ನು ನಿಗದಿ ಮಾಡಿದ್ದಾರೆ. ಇದರ ಅಳತೆ ಚದರ ಮೀಟರಿಗೆ, ಲಕ್ಸ್‌ಗೆ ಇಷ್ಟು ಕ್ಯಾಂಡೆಲಾ ಎಂದು; ಅಂದರೆ ಹಾಳೆಯ ಮೇಲೆ ಬಿದ್ದ ಬೆಳಕಿಗೆ (ಲಕ್ಸ್) ಹೋಲಿಸಿದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಬೆಳಕನ್ನು (ಕ್ಯಾಂಡೆಲಾ) ಮರಳಿಸುತ್ತದೆ ಎಂದು. ಹೊಸ ಬಿಳಿ ಹಾಳೆಗೆ 0.2 ಡಿಗ್ರಿ ವೀಕ್ಷಣಾ ಕೋನದಲ್ಲಿ 1ನೇ ವರ್ಗಕ್ಕೆ 70, 3ನೇ ವರ್ಗಕ್ಕೆ 250, 4ನೇ ವರ್ಗಕ್ಕೆ 360, 8ನೇ ವರ್ಗಕ್ಕೆ 700, 11ನೇ ವರ್ಗಕ್ಕೆ 580. ಇಷ್ಟನ್ನೇ ನೋಡಿದರೆ 8ನೇ ವರ್ಗವೇ ಶ್ರೇಷ್ಠವೆಂದು ತೋರುತ್ತದೆ. ಆದರೆ 0.5 ಡಿಗ್ರಿಯಲ್ಲಿ 8ನೇ ವರ್ಗದ ಕನಿಷ್ಠ ಮಿತಿ 250ಕ್ಕೆ ಇಳಿದಿದ್ದರೆ, 11ನೇ ವರ್ಗದ್ದು ಇನ್ನೂ 420ರಲ್ಲಿದೆ. ಮೊದಲನೆಯದು ಬೆಳಕನ್ನು ಕಿರಿದಾಗಿ ಕೂಡಿಸಿ ದೂರದಲ್ಲಿರುವವನಿಗೆ ಕೊಡುತ್ತದೆ, ಎರಡನೆಯದು ಅಗಲವಾಗಿ ಹರಡಿ ಹತ್ತಿರದವನಿಗೂ ಎತ್ತರದಲ್ಲಿ ಕುಳಿತವನಿಗೂ ಕೊಡುತ್ತದೆ. ನಿಮ್ಮದು ನಿಧಾನ ವೇಗದ ಒಳರಸ್ತೆ. ಫಲಕವನ್ನು 40-60 ಮೀಟರ್ ದೂರದಲ್ಲಿ ಓದುತ್ತಾರೆ, ಓದುವವರಲ್ಲಿ ಬಸ್ಸು ಲಾರಿಯವರು ಬಹಳ ಮಂದಿ. ಆದ್ದರಿಂದ ನಿಮಗೆ ಬೇಕಿರುವುದು ಅತಿ ಹೆಚ್ಚು ಹೊಳಪಿನ ಹಾಳೆಯಲ್ಲ, ಅಗಲ ಕೋನದಲ್ಲೂ ಬೆಳಕು ಕೊಡುವ ಹಾಳೆ. ಮಾರುವವರನ್ನು 0.5 ಮತ್ತು 1 ಡಿಗ್ರಿ ಕೋನಗಳ ಅಂಕಿಗಳನ್ನು ಬರಹದಲ್ಲಿ ಕೊಡುವಂತೆ ಕೇಳಿ.

ಇನ್ನು ಕಾರಿನವರಿಗೆ, ನಿಮಗೂ ಸೇರಿ, ಅಕ್ಷರಗಳು ಕಲಸಿದಂತೆ ಕಾಣುವ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ, ಏಕೆಂದರೆ ಹೊಳಪು ಮತ್ತು ಓದು ಎರಡೂ ಒಂದೇ ಎಂಬ ಗ್ರಹಿಕೆ ನಮ್ಮ ವೃತ್ತಿಯವರಲ್ಲೂ ಗಟ್ಟಿಯಾಗಿ ಬೇರೂರಿದೆ. ತೀರಾ ಮಂಕಾದ ಫಲಕದ ಹೊಳಪನ್ನು ಸ್ವಲ್ಪ ಹೆಚ್ಚಿಸಿದರೂ ಅದನ್ನು ಓದಬಹುದಾದ ದೂರ ಬೇಗ ಬೇಗ ಹೆಚ್ಚುತ್ತದೆ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ಹೆಚ್ಚಿಸಿದರೂ ಓದುವ ದೂರ ಅಷ್ಟಾಗಿ ಬೆಳೆಯುವುದಿಲ್ಲ. ಅದನ್ನೂ ಮೀರಿದರೆ, ಅದರಲ್ಲೂ ಬೀದಿದೀಪವಿಲ್ಲದ ಕತ್ತಲೆಯ ರಸ್ತೆಯಲ್ಲಿ, ಓದುವ ದೂರ ಕಡಿಮೆಯಾಗುತ್ತದೆ. ಗಾಢ ಬಣ್ಣದ ಮೇಲಿನ ಬಿಳಿ ಅಕ್ಷರದಿಂದ ಬಂದ ಬೆಳಕು ಕಣ್ಣಿನೊಳಗೇ ಚದುರಿ, ಅಕ್ಷರದ ಗೆರೆ ಇದ್ದದ್ದಕ್ಕಿಂತ ದಪ್ಪವಾಗಿ ಕಾಣುತ್ತದೆ, ಗೆರೆಗಳ ನಡುವಿನ ಖಾಲಿ ಜಾಗ ತುಂಬಿಹೋಗುತ್ತದೆ. ರಾತ್ರಿ ಪಾಪೆ ಅಗಲವಾಗಿರುವುದರಿಂದ ಇದು ಇನ್ನಷ್ಟು ಹೆಚ್ಚು. ಹಾಗಾಗಿ ಫಲಕ ಇದೆಯೆಂದು ದೂರದಿಂದಲೇ ತಿಳಿಯುತ್ತದೆ, ಏನು ಬರೆದಿದೆ ಎಂಬುದು ಮಾತ್ರ ತಿಳಿಯುವುದಿಲ್ಲ.

ಇದಕ್ಕೆ ಪರಿಹಾರ ಹಾಳೆಯಲ್ಲಿಲ್ಲ, ಅಕ್ಷರದಲ್ಲಿದೆ. ಬಿಳಿ ಅಕ್ಷರ ಗಾಢ ಹಿನ್ನೆಲೆಯ ಮೇಲಿದ್ದರೆ ಗೆರೆ ಸ್ವಲ್ಪ ತೆಳುವಾಗಿರಬೇಕು, ಒಳಗಿನ ಖಾಲಿ ಜಾಗ ವಿಶಾಲವಾಗಿರಬೇಕು, ಅಕ್ಷರಗಳ ನಡುವೆ ಪುಸ್ತಕದಲ್ಲಿ ಬಿಡುವುದಕ್ಕಿಂತ ಹೆಚ್ಚು ಜಾಗ ಬಿಡಬೇಕು. ಬಿಳಿ ಅಥವಾ ಹಳದಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರವಿದ್ದರೆ ಇದು ತಿರುಗುಮುರುಗು. ಹೊಳೆಯುವ ಹಿನ್ನೆಲೆ ಕಪ್ಪು ಗೆರೆಯನ್ನು ಎರಡೂ ಬದಿಯಿಂದ ಕೊರೆಯುವುದರಿಂದ ಗೆರೆ ದಪ್ಪವಾಗಿರಬೇಕು. ಬ್ರಿಟನ್ನಿನ ರಸ್ತೆ ಫಲಕಗಳಿಗಾಗಿ ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಅವರು ರೂಪಿಸಿದ ‘ಟ್ರಾನ್ಸ್‌ಪೋರ್ಟ್’ ಅಕ್ಷರಗಳು ಎರಡು ದಪ್ಪಗಳಲ್ಲಿರುವುದು ಇದಕ್ಕಾಗಿಯೇ: ಗಾಢ ಹಿನ್ನೆಲೆಯ ಬಿಳಿ ಬರಹಕ್ಕೆ ತೆಳುವಿನದು, ತಿಳಿ ಹಿನ್ನೆಲೆಯ ಕಪ್ಪು ಬರಹಕ್ಕೆ ದಪ್ಪದ್ದು. ಅಮೆರಿಕದಲ್ಲಿ ‘ಕ್ಲಿಯರ್‌ವ್ಯೂ’ ಎಂಬ ಅಕ್ಷರ ವಿನ್ಯಾಸಕ್ಕೆ 2004ರಲ್ಲಿ ತಾತ್ಕಾಲಿಕ ಅನುಮತಿ ಕೊಟ್ಟು, 2016ರಲ್ಲಿ ಹಿಂಪಡೆದು, 2018ರಲ್ಲಿ ಮತ್ತೆ ಕೊಟ್ಟರು. ಹಿಂಪಡೆದಾಗ ಅಧಿಕಾರಿಗಳು ಹೇಳಿದ ಮಾತುಗಳಲ್ಲಿ ಎರಡು ನಮಗೆ ಉಪಯುಕ್ತ: ಹಳೆಯ ಫಲಕದ ಬದಲು ಹೊಸದು ಹಾಕಿದಾಗ ಕಂಡ ಸುಧಾರಣೆಯಲ್ಲಿ ಹೊಸ ಹಾಳೆಯ ಪಾಲು ದೊಡ್ಡದಿತ್ತು ಎಂಬುದು ಒಂದು, ತಿಳಿ ಹಿನ್ನೆಲೆಯ ಮೇಲಿನ ಗಾಢ ಅಕ್ಷರಗಳಿಗೆ ಆ ವಿನ್ಯಾಸ ಒಗ್ಗಲಿಲ್ಲ ಎಂಬುದು ಇನ್ನೊಂದು. ಒಂದು ಬಣ್ಣದ ಜೋಡಿಗೆ ಹೊಂದಿದ ಅಕ್ಷರವನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿಡಲಾಗುವುದಿಲ್ಲ.

ಕನ್ನಡದಂಥ ಲಿಪಿಯಲ್ಲಿ ಈ ತೊಂದರೆ ಇನ್ನೂ ಸೂಕ್ಷ್ಮ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ‘ಪ’ ಮತ್ತು ‘ಷ’ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಗೆರೆಯಿಂದ. ಹೊಳಪು ಹರಡಿದಾಗ ಮೊದಲು ಮುಚ್ಚಿಹೋಗುವುದೇ ಆ ಸೀಳು ಮತ್ತು ಆ ಹೊಟ್ಟೆ. ಒತ್ತಕ್ಷರವಂತೂ ಮೇಲಿನ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕುಳಿತಿರುತ್ತದೆ. ಅಕ್ಷರದ ಎತ್ತರದ ಬಗೆಗಿನ ಅಂತರರಾಷ್ಟ್ರೀಯ ಲೆಕ್ಕಗಳನ್ನು ರೋಮನ್ ಲಿಪಿಯ ದೊಡ್ಡಕ್ಷರದ ಮೇಲೆ ಕಟ್ಟಿರುವುದರಿಂದ, ಅವನ್ನು ನಮ್ಮ ಲಿಪಿಗೆ ನೇರವಾಗಿ ಅನ್ವಯಿಸಿದರೆ ಒತ್ತಕ್ಷರಗಳು ಓದಿಗೆ ಸಿಗದೆ ಹೋಗುತ್ತವೆ. ಬರಹದಲ್ಲಿ ಒತ್ತಕ್ಷರಗಳಿದ್ದರೆ ಇಡೀ ಸಾಲಿನ ಗಾತ್ರವನ್ನು ಒಂದು ಹಂತ ಹಿಗ್ಗಿಸಿ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿಸಿ ಎಂಬುದು ನನ್ನ ಸಲಹೆ. ಮದುವೆಯ ಕರೆಯೋಲೆಗೆ ಚೆಂದ ಕಾಣುವ ಬಳುಕಿನ ಅಕ್ಷರಗಳನ್ನು ರಸ್ತೆಯ ಮೇಲೆ ಬಳಸಲೇಬಾರದು.

ಗಾತ್ರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಸಂಚಾರ ಫಲಕಗಳ ಕೈಪಿಡಿ ಮೊದಲು ಒಂದು ಅಂಗುಲ ಎತ್ತರದ ಅಕ್ಷರವನ್ನು 40 ಅಡಿ ದೂರದಿಂದ ಓದಬಹುದೆಂದು ಲೆಕ್ಕ ಹಾಕುತ್ತಿತ್ತು. 2009ರ ಆವೃತ್ತಿಯಲ್ಲಿ ಅದನ್ನು 30 ಅಡಿಗೆ ಇಳಿಸಿದರು. ನಮ್ಮ ಅಳತೆಯಲ್ಲಿ ಹೇಳಿದರೆ 10 ಸೆಂಟಿಮೀಟರ್ ಎತ್ತರದ ಅಕ್ಷರಕ್ಕೆ ಸುಮಾರು 36 ಮೀಟರ್, 15 ಸೆಂಟಿಮೀಟರ್ ಅಕ್ಷರಕ್ಕೆ ಸುಮಾರು 54 ಮೀಟರ್. ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಅಂದರೆ 10 ಸೆಂಟಿಮೀಟರ್ ಅಕ್ಷರಗಳ ಫಲಕ ಓದಿಗೆ ಸಿಕ್ಕಿದ ಕ್ಷಣದಿಂದ ಅದನ್ನು ದಾಟುವವರೆಗೆ ಚಾಲಕನಿಗೆ ಹೆಚ್ಚೆಂದರೆ ಮೂರು ಸೆಕೆಂಡು. ಅಷ್ಟರಲ್ಲಿ ಅವನು ಓದಿ, ತೀರ್ಮಾನಿಸಿ, ವೇಗ ತಗ್ಗಿಸಿ ತಿರುಗಬೇಕು. ಒಂದೇ ಫಲಕದಲ್ಲಿ ಏಳೆಂಟು ವಿಭಾಗಗಳ ಹೆಸರು ಬರೆದಿದ್ದರೆ ಯಾವ ಹಾಳೆಯೂ ಅದನ್ನು ಉಳಿಸಲಾರದು. ಸಾಲುಗಳನ್ನು ಮೂರಕ್ಕೆ ಇಳಿಸಿ ಅಕ್ಷರಗಳನ್ನು ದೊಡ್ಡದು ಮಾಡುವುದು, ನನ್ನ ಅನುಭವದಲ್ಲಿ, ಹಾಳೆಯ ವರ್ಗವನ್ನು ಏರಿಸುವುದಕ್ಕಿಂತ ಹೆಚ್ಚು ಫಲ ಕೊಟ್ಟಿದೆ.

ಬೆಳಗಿನ ಜಾವದ ಕಪ್ಪು ಫಲಕಗಳಿಗೆ ಕಾರಣ ಇಬ್ಬನಿ. ಮೋಡವಿಲ್ಲದ ರಾತ್ರಿಯಲ್ಲಿ ತೆರೆದ ಆಕಾಶಕ್ಕೆ ಒಡ್ಡಿಕೊಂಡ ಲೋಹದ ತಗಡು ತನ್ನ ಶಾಖವನ್ನು ಬೇಗ ಕಳೆದುಕೊಂಡು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಪ್ರತಿ ಹನಿಯೂ ಒಂದು ಪುಟ್ಟ ಮಸೂರದಂತೆ ಬೆಳಕನ್ನು ಅಡ್ಡಾದಿಡ್ಡಿ ತಿರುಗಿಸುವುದರಿಂದ, ಹಾಳೆ ಎಷ್ಟೇ ಉತ್ತಮವಾಗಿದ್ದರೂ ಬೆಳಕು ದೀಪದ ಕಡೆಗೆ ಮರಳುವುದಿಲ್ಲ. ಮಳೆಯಲ್ಲಿ ನೀರು ಸಮನಾದ ಪದರವಾಗಿ ಹರಿದುಹೋಗುವುದರಿಂದ ಅಷ್ಟು ತೊಂದರೆಯಾಗದ ಫಲಕವೂ ಇಬ್ಬನಿಯಲ್ಲಿ ಸೋಲುವುದುಂಟು. ನಿಮ್ಮ ಆವರಣದಲ್ಲಿ ಕಪ್ಪಾಗುವ ಫಲಕಗಳನ್ನು ಪಟ್ಟಿ ಮಾಡಿ ನೋಡಿ. ಮರದ ಕೆಳಗೆ ಅಥವಾ ಕಟ್ಟಡದ ಸೂರಿಗೆ ಹತ್ತಿರ ಇರುವವು ಆ ಪಟ್ಟಿಯಲ್ಲಿ ಕಡಿಮೆ ಇರುತ್ತವೆ, ಬಯಲಿನಲ್ಲಿರುವವು ಹೆಚ್ಚು ಇರುತ್ತವೆ ಎಂದು ನಾನು ಊಹಿಸುತ್ತೇನೆ. ಹೆಚ್ಚು ಹೊಳಪಿನ ಹಾಳೆ ಇದಕ್ಕೆ ಮದ್ದಲ್ಲ. ನೀರು ಹನಿಗಟ್ಟದೆ ತೆಳುವಾದ ಪದರವಾಗಿ ಹರಡುವಂತೆ ಮಾಡುವ ಪಾರದರ್ಶಕ ಮೇಲ್ಪದರಗಳು ದೊರೆಯುತ್ತವೆ. ಆದರೆ ಅವು ಬಾಳುವುದು ಎಷ್ಟು ಕಾಲ, ಕೆಳಗಿನ ಹಾಳೆಯ ಖಾತರಿಗೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಕೇಳಿ ತಿಳಿದ ಮೇಲೆಯೇ, ತಿರುವು ಮತ್ತು ರೈಲು ಹಳಿ ದಾಟುವ ಜಾಗದಂಥ ಕಡೆಗಳಿಗೆ ಮಾತ್ರ ಹಾಕಿಸಿ. ಅಂಥ ಕಡೆ ರಸ್ತೆಯ ಮೇಲಿನ ಗುರುತುಗಳನ್ನೂ ಉಬ್ಬು ರಿಫ್ಲೆಕ್ಟರುಗಳನ್ನೂ ಜೊತೆಗೆ ಇಡುವುದು ಒಳ್ಳೆಯದು; ಚಾಲಕನಿಗೆ ಆಸರೆಯಾಗಿ ಫಲಕ ಒಂದೇ ಇರಬಾರದು.

ಕಮಾನಿನ ಫಲಕದ ಕಥೆ ಬೇರೆ. ಡಿಮ್ ಲೈಟ್ ಎದುರು ಬರುವವರ ಕಣ್ಣಿಗೆ ಚುಚ್ಚದಿರಲೆಂದು ಬೆಳಕನ್ನು ಕೆಳಕ್ಕೆ ಬಾಗಿಸಿ, ಮೇಲ್ಭಾಗವನ್ನು ಕತ್ತರಿಸಿಬಿಡುತ್ತದೆ. ಈಚಿನ ಹೆಡ್‌ಲೈಟುಗಳಲ್ಲಿ ಈ ಕತ್ತರಿಕೆ ಇನ್ನೂ ಚೂಪಾಗಿದೆ. ಕಮಾನಿನ ಎತ್ತರಕ್ಕೆ ತಲಪುವ ಬೆಳಕೇ ಅತ್ಯಲ್ಪವಾದಾಗ ಮರಳಿಸಲು ಹಾಳೆಯ ಬಳಿ ಏನೂ ಇರುವುದಿಲ್ಲ. ಇಲ್ಲಿ ನಿಮಗೆ ಮೂರು ದಾರಿಗಳಿವೆ. ಫಲಕಕ್ಕೆ ಮೇಲುವರ್ಗದ ಪ್ರಿಸಂ ಹಾಳೆ ಹಾಕಿದರೆ ಇರುವ ಅಲ್ಪ ಬೆಳಕಿನಲ್ಲಿ ಹೆಚ್ಚು ಭಾಗ ಮರಳುತ್ತದೆ. ಇದೊಂದು ಜಾಗದಲ್ಲಿ ಹೆಚ್ಚಿನ ಹೊಳಪಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಇನ್ನೊಂದು, ಅದಕ್ಕೆ ಹೊರಗಿನಿಂದ ದೀಪ ಕೊಡುವುದು. ಮೂರನೆಯದು, ಕಮಾನಿನ ಮಾಹಿತಿಯನ್ನೇ ಅದಕ್ಕಿಂತ ಸಾಕಷ್ಟು ಮುಂಚೆ ರಸ್ತೆಯ ಬದಿಯಲ್ಲಿ, ಹೆಡ್‌ಲೈಟಿಗೆ ಸಿಗುವ ಎತ್ತರದಲ್ಲಿ, ಇನ್ನೊಂದು ಫಲಕವಾಗಿ ಹಾಕುವುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರನೆಯದನ್ನು ಮೊದಲು ಮಾಡಿ, ಒಂದು ತಿಂಗಳು ದೂರುಗಳನ್ನು ಗಮನಿಸುತ್ತಿದ್ದೆ.

ಫ್ಲಡ್‌ಲೈಟಿನ ಬಗ್ಗೆ ಎಚ್ಚರ ಬೇಕು. ರೆಟ್ರೋ ರಿಫ್ಲೆಕ್ಟಿವ್ ಹಾಳೆ ಫ್ಲಡ್‌ಲೈಟಿನ ಬೆಳಕಿನಲ್ಲಿ ಬಹುಪಾಲನ್ನು ಆ ಫ್ಲಡ್‌ಲೈಟಿಗೇ ಮರಳಿಸುತ್ತದೆ, ಚಾಲಕನಿಗಲ್ಲ. ಅವನಿಗೆ ಸಿಗುವುದು ಚದುರಿದ ಅಲ್ಪಾಂಶ ಮಾತ್ರ. ಅದು ಸಾಲದೆಂದು ದೀಪದ ಶಕ್ತಿ ಹೆಚ್ಚಿಸಿದರೆ, ಹಾಳೆಯ ನುಣುಪು ಮೇಲ್ಮೈ ಕನ್ನಡಿಯಂತೆ ವರ್ತಿಸಿ ಒಂದು ಕೋನದಲ್ಲಿ ಬಿಳಿ ಪ್ರಭೆಯೊಂದೇ ಕಾಣುತ್ತದೆ, ಬರಹ ಕಾಣುವುದಿಲ್ಲ. ದೀಪವನ್ನು ತಪ್ಪಾದ ದಿಕ್ಕಿಗೆ ಕಟ್ಟಿದರೆ ಅದು ಎದುರಿನ ಚಾಲಕನ ಕಣ್ಣಿಗೇ ಬೀಳುತ್ತದೆ. ಒಳಗಿನಿಂದ ಬೆಳಗುವ ಪೆಟ್ಟಿಗೆ ಫಲಕಗಳಲ್ಲಿ ವಿದ್ಯುತ್ ಹೋದ ಕ್ಷಣ ಎಲ್ಲವೂ ಕಪ್ಪಾಗುವ ಅಪಾಯವಿದೆ. ಅದರ ಮುಖಕ್ಕೂ ಬೆಳಕು ಮರಳಿಸುವ ಹಾಳೆ ಇರುವಂತೆ ನೋಡಿಕೊಳ್ಳಬೇಕು. ದೀಪ ಹಾಕಲೇಬೇಕೆಂದಿದ್ದರೆ ಕಮಾನಿನ ಫಲಕಕ್ಕೆ ಮಾತ್ರ ಹಾಕಿ, ಎಲ್ಲ ಚಾಲಕರ ಸೀಟಿನಿಂದಲೂ ನೋಡಿದ ನಂತರ ಅದರ ದಿಕ್ಕನ್ನು ಬಿಗಿಮಾಡಿಸಿ.

ಪತ್ರದಲ್ಲಿ ನೀವು ಬರೆಯದಿದ್ದರೂ ನಾನು ಕೇಳಬೇಕಾದ ಕೆಲವು ಸಂಗತಿಗಳಿವೆ. ಹಾಳೆಯ ಮೇಲೆ ಯಾರಾದರೂ ಮಾಮೂಲಿ ಎನಾಮೆಲ್ ಬಣ್ಣದಿಂದ ಬರೆದಿದ್ದಾರೆಯೇ? ಹಿಂದೊಮ್ಮೆ ನಾನು ಪರಿಶೀಲಿಸಿದ ಒಂದು ಕಡೆ, ಬಿಳಿ ಹಾಳೆಗೆ ನೀಲಿ ಎನಾಮೆಲ್ ಹೊಡೆದು ಹಿನ್ನೆಲೆ ಮಾಡಿದ್ದರು. ಹಗಲಿನಲ್ಲಿ ಅದಕ್ಕೂ ಸರಿಯಾದ ಫಲಕಕ್ಕೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ರಾತ್ರಿ ನೀಲಿ ಬಣ್ಣ ಪೂರ್ತಿ ಕಪ್ಪಾಗಿ, ಅಕ್ಷರಗಳು ಗಾಳಿಯಲ್ಲಿ ತೇಲಿದಂತೆ ಕಾಣುತ್ತಿದ್ದವು. ಬಣ್ಣ ಬೇಕಿದ್ದರೆ ಬೆಳಕು ಹಾಯುವ ಪಾರದರ್ಶಕ ಶಾಯಿಯಿಂದ ಅಚ್ಚು ಹಾಕಬೇಕು ಅಥವಾ ಅದಕ್ಕೆಂದೇ ಮಾಡಿದ ಪಾರದರ್ಶಕ ಬಣ್ಣದ ಫಿಲ್ಮನ್ನು ಕತ್ತರಿಸಿ ಅಂಟಿಸಬೇಕು. ಕಪ್ಪು ಅಕ್ಷರ ಮಾತ್ರ ಇದಕ್ಕೆ ಹೊರತು, ಅದು ಬೆಳಕನ್ನು ಮರಳಿಸಬಾರದು. ಪ್ರಿಸಂ ಹಾಳೆಗಳಲ್ಲಿ ಕೆಲವಕ್ಕೆ ದಿಕ್ಕಿನ ಹಂಗಿದೆ: ಹಾಳೆ ಉಳಿಸಲು ತುಂಡುಗಳನ್ನು ಅಡ್ಡ ಉದ್ದ ಹೇಗೆಂದರೆ ಹಾಗೆ ಕತ್ತರಿಸಿ ಅಂಟಿಸಿದರೆ, ಅಕ್ಕಪಕ್ಕದ ಅಕ್ಷರಗಳಲ್ಲೇ ಒಂದು ಹೊಳೆದು ಇನ್ನೊಂದು ಮಂಕಾಗುತ್ತದೆ. ಕೆಂಪು ಫಲಕಗಳನ್ನು ಬೇರೆಯಾಗಿ ಗಮನಿಸಿ. ಕೆಂಪು ಬಿಸಿಲಿಗೆ ಮಾಸಿದಂತೆ ಬಿಳಿ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಅಂತರ ಕರಗುತ್ತದೆ. ಬಿಳಿಯ ಪ್ರತಿಫಲನ ಕೆಂಪಿನದಕ್ಕಿಂತ ಕನಿಷ್ಠ ಮೂರು ಪಟ್ಟು ಇರಬೇಕೆಂಬುದು ಅಮೆರಿಕದ ಕೈಪಿಡಿಯ ಮಿತಿ. ಫಲಕವನ್ನು ರಸ್ತೆಗೆ ಸರಿಯಾಗಿ 90 ಡಿಗ್ರಿಗೆ ನಿಲ್ಲಿಸದೆ, ರಸ್ತೆಯಿಂದ ಆಚೆಗೆ ಸುಮಾರು 5 ಡಿಗ್ರಿ ತಿರುಗಿಸಿದರೆ ಕನ್ನಡಿಯಂಥ ಹೊಳಪು ಚಾಲಕನ ಕಣ್ಣಿಗೆ ಬೀಳುವುದು ತಪ್ಪುತ್ತದೆ. ಧೂಳನ್ನು ಸೌಮ್ಯ ಸೋಪಿನ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ತೊಳೆಸಿ. ಥಿನ್ನರ್, ಸೀಮೆಎಣ್ಣೆ, ಉಜ್ಜುವ ಪುಡಿ ಹಾಳೆಗೆ ಮುಟ್ಟಬಾರದು. ಕಾರ್ಖಾನೆಯ ಆವರಣದಲ್ಲಿ ಬರೀ ತೊಳೆಯುವುದರಿಂದಲೇ ಜೀವ ಬರುವ ಫಲಕಗಳು ಇದ್ದೇ ಇರುತ್ತವೆ.

ನಿಮ್ಮ ಕಣ್ಣಿನ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಎರಡೂ ಇರಬಹುದು. 20 ವರ್ಷದವರಿಗೆ ಹೋಲಿಸಿದರೆ 60ರ ಹೊತ್ತಿಗೆ ಮಬ್ಬು ಬೆಳಕಿನಲ್ಲಿ ಅಕ್ಷಿಪಟಲ ತಲಪುವ ಬೆಳಕು ಮೂರನೇ ಒಂದು ಭಾಗದಷ್ಟಾಗುತ್ತದೆ. ಪಾಪೆ ಮೊದಲಿನಷ್ಟು ಅಗಲವಾಗುವುದಿಲ್ಲ, ಮಸೂರ ಹಳದಿಯಾಗುತ್ತದೆ, ಅದರೊಳಗೆ ಬೆಳಕು ಹೆಚ್ಚು ಚದುರುತ್ತದೆ. ಪೊರೆ ಬರುವ ಮೊದಲ ದಿನಗಳಲ್ಲಿ ಹಗಲಿನ ದೃಷ್ಟಿ ಸರಿಯಿದ್ದು ರಾತ್ರಿಯ ದೀಪಗಳ ಸುತ್ತ ಮಾತ್ರ ಪ್ರಭಾವಳಿ ಕಾಣುವುದೂ ಉಂಟು. ನೀವು ಒಮ್ಮೆ ನೇತ್ರ ವೈದ್ಯರನ್ನು ಕಾಣಿ, ‘ರಾತ್ರಿ ಅಕ್ಷರಗಳು ಹರಡಿದಂತೆ ಕಾಣುತ್ತವೆ’ ಎಂದು ಇದೇ ಮಾತುಗಳಲ್ಲಿ ಹೇಳಿ. ರಾತ್ರಿ ಚಾಲನೆಗೆಂದು ಮಾರುವ ಹಳದಿ ಕನ್ನಡಕವನ್ನು ಕೊಳ್ಳಬೇಡಿ. ಅದು ಕಣ್ಣಿಗೆ ಬರುವ ಬೆಳಕನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ವಾಹನದ ಗಾಜಿನ ಒಳಬದಿಯ ಮಸುಕು, ಹಳದಿಗಟ್ಟಿದ ಹೆಡ್‌ಲೈಟಿನ ಹೊದಿಕೆ, ತಪ್ಪು ದಿಕ್ಕಿಗೆ ನೋಡುವ ಹೆಡ್‌ಲೈಟು, ಇವನ್ನೂ ಪರೀಕ್ಷಿಸಿಕೊಳ್ಳಿ. ಆದರೆ ಕಣ್ಣು ವಯಸ್ಸಾಗುತ್ತದೆ ಎಂಬುದು ಫಲಕಕ್ಕೆ ನೆಪವಾಗಬಾರದು. ರಾತ್ರಿ ಪಾಳಿಯಲ್ಲಿ ವಾಹನ ಓಡಿಸುವವರಲ್ಲಿ ಐವತ್ತು ದಾಟಿದವರು ಎಷ್ಟೋ ಮಂದಿ ಇರುತ್ತಾರೆ, ಫಲಕ ಅವರಿಗೂ ಓದಲು ಬರಬೇಕು.

ಆದ್ದರಿಂದ ಖರೀದಿಯ ಪ್ರಸ್ತಾವವನ್ನು ಕೆಲವು ವಾರ ತಡೆಹಿಡಿದು, ಮೊದಲು ಫಲಕಗಳನ್ನು ತೊಳೆಸಿ, ಅನಂತರ ಎರಡು ರಾತ್ರಿ ಸುತ್ತು ಹಾಕಿ ಎಂದು ಸೂಚಿಸುತ್ತೇನೆ. ಅಮೆರಿಕದ ಹೆದ್ದಾರಿ ಆಡಳಿತ ರಾತ್ರಿಯ ಪರಿಶೀಲನೆಗೆ ಸೂಚಿಸಿರುವ ಒಂದು ವಿಧಾನದಲ್ಲಿ ಪರಿಶೀಲಿಸುವವರ ವಯಸ್ಸು 60 ಅಥವಾ ಅದಕ್ಕಿಂತ ಹೆಚ್ಚಿರಬೇಕು, ವಾಹನ ಎತ್ತರದ್ದಾಗಿರಬೇಕು ಎಂದಿದೆ; ಅವರ ಕಣ್ಣಿಗೆ ಸರಿ ಕಂಡದ್ದು ಉಳಿದವರಿಗೆ ಕಂಡೇ ಕಾಣುತ್ತದೆ ಎಂಬುದು ಅದರ ಹಿಂದಿನ ವಿಚಾರ. ನೀವು ಒಂದು ಸುತ್ತನ್ನು ಕಾರಿನಲ್ಲಿ, ಇನ್ನೊಂದನ್ನು ಬಸ್ಸಿನ ಚಾಲಕರ ಪಕ್ಕದಲ್ಲಿ ಕುಳಿತು, ಡಿಮ್ ಲೈಟಿನಲ್ಲಿ, ಮಾಮೂಲಿ ವೇಗದಲ್ಲಿ ಮಾಡಿ. ನಿಮ್ಮಲ್ಲಿರುವ ಅತ್ಯಂತ ಹಿರಿಯ ಚಾಲಕರನ್ನು ಜೊತೆಗೆ ಕರೆದುಕೊಳ್ಳಿ. ಅವರು ಬರಹವನ್ನು ಗಟ್ಟಿಯಾಗಿ ಓದಿ ಹೇಳಿದ ಜಾಗವನ್ನು ಗುರುತು ಮಾಡಿಕೊಂಡು, ಅಲ್ಲಿಂದ ಫಲಕಕ್ಕಿರುವ ದೂರವನ್ನು ಮರುದಿನ ಅಳತೆ ಮಾಡಿಸಿ. ಇಬ್ಬನಿಯ ಫಲಕಗಳಿಗಾಗಿ ಎರಡನೇ ಸುತ್ತು ಬೆಳಗಿನ ಜಾವ ಇರಲಿ. ಪ್ರತಿಫಲನವನ್ನು ಅಳೆಯುವ ಕೈ ಉಪಕರಣ ಬಾಡಿಗೆಗೆ ಸಿಕ್ಕಿದರೆ ಬಳಸಿ, ಆದರೆ ಅದು ಹಾಳೆಯನ್ನು ಅಳೆಯುತ್ತದೆಯೇ ಹೊರತು ಓದನ್ನು ಅಳೆಯುವುದಿಲ್ಲ ಎಂಬುದು ನೆನಪಿರಲಿ.

ಹೀಗೆ ಅಳೆದ ದೂರಗಳ ಪಟ್ಟಿಯ ಜೊತೆಗೆ, ಈಗಿರುವ ಹಾಳೆ ಯಾವ ವರ್ಗದ್ದು ಎಂಬ ಖರೀದಿ ದಾಖಲೆ, ನೀಲಿ ಫಲಕಗಳಲ್ಲಿ ಅಕ್ಷರದ ಎತ್ತರ ಮತ್ತು ಗೆರೆಯ ದಪ್ಪ, ಕಮಾನಿನ ಫಲಕ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬ ಅಳತೆ, ಇಷ್ಟನ್ನು ಬರೆದು ಕಳುಹಿಸಿದರೆ ಯಾವ ಫಲಕಕ್ಕೆ ಹಾಳೆ ಬದಲಿಸಬೇಕು, ಯಾವುದಕ್ಕೆ ಅಕ್ಷರ ಮಾತ್ರ ಬದಲಿಸಿದರೆ ಸಾಕು ಎಂದು ಒಂದೊಂದಾಗಿ ಹೇಳಬಲ್ಲೆ.